ಟಾಕಿಯಲ್ಲಿ ಮಾತಾಡದ ದಸ್ತಗೀರಸಾಬರು

ಕೆಟ್ಟ ಮೈಕು ಚೀರುವ ಸದ್ದು ನಿಮಗೂ ಪರಿಚಯವಿರಬೇಕು. ಯಾರೋ ಒಬ್ಬರು 'ಹಲೋ, ಹಲೋ' ಅನ್ನುತ್ತಾರೆ, ಅದು ಹಲ್ಲು ಜುಮ್ಮೆನ್ನುವಂತೆ ಕುಂಯ್ ಎನ್ನುತ್ತದೆ, ಮಲಗಿದ್ದ ಕೂಸುಗಳೆಲ್ಲ ಒಮ್ಮೆಲೇ ಎದ್ದು ಅಳುತ್ತವೆ. ಮೊನ್ನೆ ಬಸವನ ಬಾಗೇವಾಡಿಯಲ್ಲಿ ನಮ್ಮ ಬೀಗರ ಮನೆಯ ಮದುವೆಯಲ್ಲಿ ಹೀಗೇ ಆಯಿತು. ಮದುಮಕ್ಕಳಿಗೆ ಹಿರಿಯರು ನಾಲ್ಕು ಮಾತು ಹೇಳುವ ಹೊತ್ತಿಗೆ ಮೈಕು ಚೀರಿ, ಕೆಮ್ಮಿ, ಕಡೆಗೆ ಸತ್ತೇ ಹೋಯಿತು. ನನ್ನ ಸರದಿ. ನಿವೃತ್ತಳಾದ ಕನ್ನಡ ಶಿಕ್ಷಕಿಯನ್ನು ಇಂಥ ಕಡೆ ಯಾರೂ ಸುಮ್ಮನೆ ಊಟ ಮಾಡಲು ಬಿಡುವುದಿಲ್ಲ. ಎದ್ದು ನಿಂತು, ಹೊಟ್ಟೆಯ ತಳದಿಂದ ಉಸಿರು ತೆಗೆದುಕೊಂಡು ಮಾತಾಡಿದೆ. ಹಿಂದೆ ಬೂಂದಿ ಬಡಿಸಲು ನಿಂತಿದ್ದವರೂ ಕೈ ತಡೆದು ಕೇಳಿದರು. ಕೆಳಗಿಳಿದಾಗ ಬೀಗರು, "ಅಕ್ಕೋರ, ಈ ವಯಸ್ಸಿನ್ಯಾಗೂ ಏನ್ ದನಿರೀ ನಿಮ್ದು! ದೇವರು ಕೊಟ್ಟದ್ದು" ಅಂದರು.

ಹೌದ್ರಿ ಎಂದು ತಲೆಯಾಡಿಸಿ ಬಂದೆ. ಆದರೆ ನಾನೀಗ ಇರುವ ಇಂಡಿಗೆ ವಾಪಸು ಬರುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲಿ ಕುಂತೇ ಇತ್ತು. ದೇವರು ನನಗೆ ಕೊಟ್ಟದ್ದು ಸೊಳ್ಳೆಯ ದನಿ. ಈಗ ಇರುವುದನ್ನು ಕೊಟ್ಟವರು ಸಿಂದಗಿಯ ದಸ್ತಗೀರಸಾಬರು.

ಸೊಳ್ಳೆಯ ದನಿ ಅಂದೆನಲ್ಲ, ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ನಾನು ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ದನಿ ಪಡಸಾಲೆ ದಾಟಬಾರದೆಂದು ಅಜ್ಜಿಯ ಕಟ್ಟಪ್ಪಣೆ. ತಮಾಷೆಯೆಂದರೆ ಆ ಅಪ್ಪಣೆಯನ್ನು ಅಜ್ಜಿ ಎಷ್ಟು ಜೋರಾಗಿ ಕೂಗಿ ಹೇಳುತ್ತಿದ್ದಳೆಂದರೆ ಮೂರನೇ ಓಣಿಯ ಹೆಣ್ಣುಮಕ್ಕಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹಿತ್ತಿಲಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ನನ್ನ ಗಂಟಲು ಹಾಗೇ ಬೆಳೆಯಿತು. ಓದಿನಲ್ಲಿ ಚುರುಕಿದ್ದೆ. ಪರೀಕ್ಷೆಯಲ್ಲಿ ಬರೆದರೆ ಸಾಕು, ಮಾತಾಡಬೇಕಾಗಿರಲಿಲ್ಲವಲ್ಲ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ನನಗೆ ನೌಕರಿ ಸಿಕ್ಕಿತು. ಅಪ್ಪ ಅರೆಮನಸ್ಸಿನಿಂದ ಕಳಿಸಿದ. ಒಳ್ಳೆಯ ವರ ಬಂದರೆ ತಿರುಗಿ ಕರೆತರುವುದೆಂದು ಅಜ್ಜಿಯ ಹತ್ತಿರ ಒಪ್ಪಂದವಾಗಿತ್ತೆಂಬುದು ಆಮೇಲೆ ತಿಳಿಯಿತು.

ಮೊದಲ ದಿನ ಒಂಬತ್ತನೆಯ ಇಯತ್ತೆಗೆ ಹೋಗಿ ಪದ್ಯ ಓದಿದೆ. ಹಿಂದಿನ ಬೆಂಚಿನಿಂದ "ಅಕ್ಕೋರ, ಕೇಳಸವಲ್ದ್ರೀ" ಎಂದಿತು ಒಂದು ದನಿ. ಇನ್ನೊಮ್ಮೆ ಓದಿದೆ. "ಇನ್ನೂ ಕೇಳಸವಲ್ದ್ರೀ" ಎಂದವು ಹತ್ತು ದನಿಗಳು. ಆ ವಾರ ಮುಗಿಯುವುದರೊಳಗೆ ನಾನು ತುಟಿ ಅಲ್ಲಾಡಿಸಿದರೆ ಸಾಕು, ಇಡೀ ಕ್ಲಾಸು ಕಿವಿಗೆ ಅಂಗೈ ಹಚ್ಚಿಕೊಂಡು ಮುಂದೆ ಬಾಗುತ್ತಿತ್ತು. ಹೆಡ್‌ಮಾಸ್ತರರು ನನ್ನನ್ನು ಕರೆದರು. ಕೆಟ್ಟವರಲ್ಲ, ಆದರೆ ಮಾತು ನೇರ. "ನಿಮ್ಮ ನೌಕರಿ ಇನ್ನೂ ಪಕ್ಕಾ ಆಗಿಲ್ಲ ನೋಡ್ರಿ. ಗ್ಯಾದರಿಂಗ್ ಮುಗಿಯೂ ತನಕಾ ನೋಡ್ತೇನಿ. ಮಾಸ್ತರಕಿ ಮಾಡೋರ ಮಾತು ಹುಡುಗರಿಗೆ ಕೇಳದಿದ್ರ ಹ್ಯಾಂಗ್ರಿ?" ಅಂದರು. ಗ್ಯಾದರಿಂಗ್ ಅಂದರೆ ನಮ್ಮ ಕಡೆ ಶಾಲೆಯ ವಾರ್ಷಿಕ ಸಮಾರಂಭ. ನಾನು "ಹೂಂರಿ" ಅಂದೆ. ಅದೂ ಅವರಿಗೆ ಕೇಳಿಸಲಿಲ್ಲ.

ನಾನು ಬಾಡಿಗೆಗೆ ಹಿಡಿದ ಕೋಣೆ ಹಾಜರಾಬಿಯೆಂಬ ವಿಧವೆಯ ಮನೆಯ ಅಂಗಳದಲ್ಲಿತ್ತು. ಆಕೆಯ ಅಣ್ಣ ದಸ್ತಗೀರಸಾಬರು ಎದುರಿನ ಕಟ್ಟೆಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅರವತ್ತು ದಾಟಿದ ಆಳು, ಎದ್ದು ನಿಂತರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಹುಬ್ಬುಗಳು ಮಾತ್ರ ಇನ್ನೂ ಕಪ್ಪು. ಮೂಲ ತಾಳಿಕೋಟೆಯವರು. ಚಿಕ್ಕಂದಿನಲ್ಲೇ ಮುಂಬಯಿಗೆ ಹೋಗಿ ಸಿನೆಮಾದಲ್ಲಿ ಪಾರ್ಟು ಮಾಡುತ್ತಿದ್ದರಂತೆ, ವಯಸ್ಸಾದ ಮೇಲೆ ತಂಗಿಯ ಮನೆಗೆ ಬಂದು ನೆಲೆಸಿದರಂತೆ. ಈ 'ಅಂತೆ'ಯನ್ನು ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಚಹಾದಂಗಡಿಯ ಮಲ್ಲಪ್ಪನಂತೂ ಅವರು ರಸ್ತೆಗಿಳಿದರೆ, "ಬರ್ರಿ ಬರ್ರಿ ಹೀರೋ ಸಾಹೇಬ್ರ, ಇವತ್ತ ಶೂಟಿಂಗ್ ಇಲ್ಲೇನ್ರಿ?" ಎಂದು ಕೂಗುತ್ತಿದ್ದ. ಸಾಹೇಬರು ನಕ್ಕು ಚಹಾ ಕುಡಿದು ಬರುತ್ತಿದ್ದರು.

ಒಂದು ರವಿವಾರ ಬೆಳಿಗ್ಗೆ ನಾನು ಕೋಣೆಯ ಬಾಗಿಲು ತೆರೆದಿಟ್ಟು ಮರುದಿನದ ಪಾಠವನ್ನು ಓದಿಕೊಳ್ಳುತ್ತಿದ್ದೆ. ಗಟ್ಟಿಯಾಗಿ ಓದುತ್ತಿದ್ದೇನೆಂದು ನನ್ನ ಭಾವನೆ. ಅಂಗಳದ ಆಚೆಯಿಂದ ದಸ್ತಗೀರಸಾಬರು ಮಾತಾಡಿದರು. ಕೂಗಲಿಲ್ಲ, ಪಕ್ಕದಲ್ಲಿ ಕೂತವರ ಜೊತೆ ಆಡಿದಂತೆ ಆಡಿದರು. ಆದರೂ ಒಂದೊಂದು ಅಕ್ಷರವೂ ನನ್ನ ಮುಂದೆ ತಂದಿಟ್ಟಂತೆ ಕೇಳಿಸಿತು.

"ಅಕ್ಕೋರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮನ್ನ ನೋಡಿದ್ರ ನನಗ ನನ್ನ ಮೊದಲಿನ ಪಿಚ್ಚರ್ ನೆನಪಾಗ್ತಾವ."

"ಯಾಕ್ರಿ ಕಾಕಾ?" ಎಂದೆ. ಅವರಿಗೆ ಕೇಳಿಸಲಿಲ್ಲವೆಂದು ಎದ್ದು ಹತ್ತಿರ ಹೋಗಿ ಕೇಳಿದೆ.

"ತುಟಿ ಅಷ್ಟ ಅಲ್ಲಾಡತಾವರಿ. ಮಾತು ಕೆಳಗ ಬರೆದು ತೋರಿಸಬೇಕು."

ಬೇರೆ ಯಾರಾದರೂ ಅಂದಿದ್ದರೆ ಅತ್ತುಬಿಡುತ್ತಿದ್ದೆ. ಅವರು ಅಂದಾಗ ನಗು ಬಂತು. ನಕ್ಕಮೇಲೆ ಅಳು ಬಂತು. ಹೆಡ್‌ಮಾಸ್ತರರು ಹೇಳಿದ್ದನ್ನೆಲ್ಲ ಹೇಳಿಕೊಂಡೆ. ಅವರು ಕುರ್ಚಿಯನ್ನು ನನ್ನ ಕಡೆ ತಳ್ಳಿ, ತಾವು ಕಟ್ಟೆಯ ಮೇಲೆ ಕೂತು, ತಮ್ಮ ಕತೆ ಹೇಳಿದರು. ಅದು ಒಂದೇ ದಿನಕ್ಕೆ ಮುಗಿಯಲಿಲ್ಲ. ಎಷ್ಟೋ ರವಿವಾರಗಳು ಹಿಡಿಯಿತು. ನಾನಿಲ್ಲಿ ಒಟ್ಟು ಮಾಡಿ ಹೇಳುತ್ತೇನೆ.

ತಾಳಿಕೋಟೆಗೆ ಬಂದ ಒಂದು ನಾಟಕ ಕಂಪನಿಯ ಹಿಂದೆ ಹೊರಟವರು ಅವರು. ಕೊಲ್ಲಾಪುರದಲ್ಲಿ ಕಂಪನಿ ಮುಳುಗಿತು. ಅಲ್ಲಿಂದ ಯಾರದೋ ಮಾತು ನಂಬಿ ಮುಂಬಯಿಗೆ ಹೋದರು. ಆಗ ಮೂಕಿ ಚಿತ್ರಗಳ ಕಾಲ. ಎತ್ತರ ನೋಡಿ ತಕ್ಷಣ ತೆಗೆದುಕೊಂಡರು. ಒಂದು ದಿನ ರಾಕ್ಷಸ, ಮರುದಿನ ರಜಪೂತ ಸರದಾರ, ಅದರ ಮರುದಿನ ಜಡೆಮುನಿ. ಆ ಸ್ಟುಡಿಯೋದಲ್ಲಿ ಪೇಶಾವರದವರಿದ್ದರು, ಮದ್ರಾಸಿನವರಿದ್ದರು, ಬಂಗಾಲಿಗಳಿದ್ದರು. ರಾಣಿಯ ಪಾರ್ಟು ಮಾಡುವ ಹುಡುಗಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯೇ ಬರುತ್ತಿರಲಿಲ್ಲ. "ರಾಣಿ ಇಂಗ್ಲೀಷನ್ಯಾಗ ಬೈತಿದ್ಳು, ನಾ ಕನ್ನಡದಾಗ ಕೈ ಮುಗೀತಿದ್ದೆ. ಪಡದೇ ಮ್ಯಾಲ ಎಲ್ಲಾ ಸರಿ ಇರ್ತಿತ್ತರಿ. ಆಗ ನನಗ ಯಾವ ಊರವ ಅಂತ ಯಾರೂ ಕೇಳಲಿಲ್ಲ" ಎನ್ನುತ್ತಿದ್ದರು.

ಆಮೇಲೆ ಟಾಕಿ, ಅಂದರೆ ಮಾತಾಡುವ ಚಿತ್ರ, ಬಂತು. ಸ್ಟುಡಿಯೋದ ಗೋಡೆಗಳಿಗೆ ಕಂಬಳಿ ಬಡಿದರು, ಕಿಟಕಿ ಮುಚ್ಚಿದರು. ಒಳಗೆ ದೀಪಗಳ ಕಾವಿಗೆ ರಾಜಮಹಾರಾಜರ ಬಣ್ಣ ಇಳಿದು ಗಡ್ಡಕ್ಕೆ ಬರುತ್ತಿತ್ತು. ಹೊರಗೆ ಕಾಗೆ ಕೂಗಿದರೆ ಕೆಲಸ ನಿಲ್ಲುತ್ತಿತ್ತು. ಕಾಗೆ ಓಡಿಸಲಿಕ್ಕೆಂದೇ ಒಬ್ಬ ಆಳನ್ನು ಇಟ್ಟಿದ್ದರು. ಅವನ ಕೂಗಿಗೆ ಮತ್ತೆ ಕೆಲಸ ನಿಲ್ಲುತ್ತಿತ್ತು. ಮೈಕನ್ನು ಹೂವಿನ ಕುಂಡದಲ್ಲಿ ಅಡಗಿಸಿರುತ್ತಿದ್ದರಂತೆ. ಹೀಗಾಗಿ ಪ್ರೇಮಿಗಳಿಬ್ಬರೂ ಒಬ್ಬರನ್ನೊಬ್ಬರು ನೋಡುವುದು ಬಿಟ್ಟು ಗುಲಾಬಿ ಗಿಡಕ್ಕೆ ಮಾತಾಡುತ್ತಿದ್ದರು.

ದಸ್ತಗೀರಸಾಬರ ದನಿಯ ಪರೀಕ್ಷೆಯೂ ಆಯಿತು. ಸಿಪಾಯಿಯ ವೇಷ. ಓಡಿ ಬಂದು, ವೈರಿ ಬಂದನೆಂದು ರಾಜನಿಗೆ 'ಹುಜೂರ್, ದುಶ್ಮನ್ ಆ ಗಯಾ' ಅನ್ನಬೇಕು, ಅಷ್ಟೇ. ಇವರು ಓಡಿ ಬಂದರು, ಎದೆಯುಬ್ಬಿಸಿ ಸಲಾಮು ಹೊಡೆದರು, ಕಂಬಳಿಗಳು ಅದುರುವ ಹಾಗೆ ಹೇಳಿದರು: "ಹುಜೂರ್, ದುಶ್ಮನ್ ಆ ಗಯಾರೀ!"

ನಮ್ಮ 'ರಿ' ನೋಡಿ! ದೊಡ್ಡವರ ಮುಂದೆ ಮಾತಾಡಿದರೆ ಅದು ತಾನಾಗಿ ಬಂದು ಕೂಡುತ್ತದೆ. ರಾಜ ನಕ್ಕ, ರಾಣಿ ನಕ್ಕಳು, ಕಾಗೆ ಓಡಿಸುವವನೂ ನಕ್ಕ. ಎಷ್ಟು ಸಲ ಹೇಳಿಸಿದರೂ 'ರಿ' ಬಂದೇ ಬಂತು. ಸೌಂಡಿನವರು ಕಿವಿಯ ಮೇಲಿನದನ್ನು ತೆಗೆದಿಟ್ಟು ಕೈ ಆಡಿಸಿಬಿಟ್ಟರು. ಸಾಹೇಬರು ಆವತ್ತೇ ಊರಿಗೆ ಹೊರಟುಬಿಡುತ್ತಿದ್ದರು. ಆದರೆ ಮುಖ ಚೆನ್ನಾಗಿದೆ, ಹೋಗಬೇಡ ಎಂದು ನಿರ್ದೇಶಕರು ತಡೆದು, ಒಂದು ಮೂಗನ ಪಾತ್ರ ಕೊಟ್ಟರು. ಅದನ್ನು ಜನ ಮೆಚ್ಚಿದರು. ಮುಂದಿನ ಚಿತ್ರದಲ್ಲೂ ಮೂಗ. ಅದರ ಮುಂದಿನದರಲ್ಲೂ ಮೂಗ. ಮೂಗ ಕಾವಲುಗಾರ, ಮೂಗ ಅಂಬಿಗ, ನಾಲಿಗೆ ಕತ್ತರಿಸಿಕೊಂಡ ಸ್ವಾಮಿಭಕ್ತ. ಕತೆ ಬರೆಯುವವರು ಇವರಿಗಾಗಿಯೇ ಒಬ್ಬ ಮೂಗನನ್ನು ಇಟ್ಟು ಬರೆಯತೊಡಗಿದರು. ದೇಶವೇ ಬಾಯಿ ತೆರೆದು ಹಾಡುತ್ತಿದ್ದ ಆ ಕಾಲದಲ್ಲಿ ನಮ್ಮ ತಾಳಿಕೋಟೆಯ ಮನುಷ್ಯ ಬಾಯಿ ಮುಚ್ಚಿಕೊಂಡು ಅನ್ನ ಉಂಡರು.

"ಹಿಂದಿ ಕಲೀಲಿಲ್ಲೇನ್ರಿ ಕಾಕಾ?" ಎಂದು ಕೇಳಿದ್ದೆ.

"ಕಲಿತೆರಿ. ಒಬ್ಬರು ಮುದುಕ ಪಾರಸಿ ನಾಟಕದವರಿದ್ರು, ಅವರ ಕಡೆ ಉಸರು ಹಿಡಿಯೂದು, ಶಬ್ದ ಬಿಡೂದು ಎಲ್ಲಾ ಕಲಿತೆ. ಸಮುದ್ರದ ಮುಂದ ನಿಂತು ಒದರತಿದ್ದೆ. ತೆರಿ ಸಪ್ಪಳದಾಗ ನನ್ನ ಮಾತು ನನಗ ಕೇಳಸ್ಬೇಕು, ಅಲ್ಲೀ ತನಕಾ. 'ರಿ' ಸೈತ ಬಿಟ್ಟಿತ್ತು. ಆದ್ರ ಅಷ್ಟೊತ್ತಿಗೆ ನಾ ಮೂಗ ಅಂತ ಎಲ್ಲಾರ ತಲ್ಯಾಗೂ ಕುಂತಬಿಟ್ಟಿತ್ತರಿ."

"ಬ್ಯಾಸರಾಗಲಿಲ್ಲೇನ್ರಿ?"

"ಆತರಿ. ಆದ್ರ ಪರ ಊರಾಗ ಅನ್ನಾ ಹಾಕಿದ್ರು, ಆದರ ಮಾಡಿದ್ರು. ಬ್ಯಾಸರಾ ಅಂದ್ರ ಅದಕ್ಕ ಅಪಮಾನ ಮಾಡಿಧಂಗ ಆಗ್ತೈತಿ" ಅಂದರು.

ಹೀಗೆ ಕಲಿತು ಎಲ್ಲೂ ಉಪಯೋಗಿಸಲಾಗದ ವಿದ್ಯೆ ನನ್ನ ಪಾಲಿಗೆ ಬಂತು. ಪಾಠ ನಡೆಯುತ್ತಿದ್ದುದು ಸಂಜೆ, ಹಾಜರಾಬಿ ಒಳಗೆ ರೊಟ್ಟಿ ಬಡಿಯುವ ಹೊತ್ತಿಗೆ. ನಾನು ಅಂಗಳದ ಈ ತುದಿಗೆ ನಿಂತು ಪದ್ಯ ಹೇಳಬೇಕು, ಆ ಸಪ್ಪಳ ದಾಟಿ ಅದು ಒಲೆಯ ಮುಂದೆ ಕೂತ ಆಕೆಗೆ ಮುಟ್ಟಬೇಕು. ಒದರಿದರೆ ಸಾಹೇಬರು ಕೈಯೆತ್ತಿ ನಿಲ್ಲಿಸುತ್ತಿದ್ದರು. "ಒದರಬ್ಯಾಡ್ರಿ. ಹಾಜರಾಬಿಗೆ ಏನೋ ಕೊಡಾಕತ್ತೀರಿ ಅಂತ ತಿಳಕೋರಿ. ಒಗೀಬಾರದು, ಆಕಿ ಕೈಯಾಗ ಇಡಬೇಕು." ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಉಸಿರು ತುಂಬಿಕೊಂಡು, ಕಪ್ಪೆಯ ಹಾಗೆ ಉಬ್ಬಿ ಪದ್ಯ ಹೇಳುತ್ತಿದ್ದೆ. ಒಳಗಿನಿಂದ ದಿನವೂ ಒಂದೇ ತೀರ್ಪು: "ಏನೂ ಇಲ್ಲಣ್ಣಾ! ಇಲ್ಲೇನೂ ಬಂದಿಲ್ಲ!"

ಮಳೆಗಾಲ ಹೋಗಿ ಜೋಳದ ಬಿತ್ತನೆ ಶುರುವಾಗಿತ್ತು. ಒಂದು ಸಂಜೆ ನಾನು ಅರ್ಧ ಪದ್ಯ ಹೇಳುವಷ್ಟರಲ್ಲಿ ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಹಾಜರಾಬಿ ಬಾಗಿಲಿಗೆ ಬಂದಳು. "ಮುಂದ ಹೇಳ ಯವ್ವಾ, ಯಾಕ ನಿಲ್ಲಿಸಿದಿ? ರೊಟ್ಟಿ ಹೊತ್ತಿದ್ರ ಹೊತ್ತಲಿ" ಅಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಈವರೆಗೆ ಬಂದಿಲ್ಲ. ಮರುದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನ ಕೈಯಲ್ಲಿ ನನ್ನ ಪದ್ಯವನ್ನು ಇಟ್ಟೆ. ಕಿವಿಗೆ ಹಚ್ಚಿಕೊಂಡಿದ್ದ ಅಂಗೈಗಳು ಒಂದೊಂದಾಗಿ ಇಳಿದವು.

ಇದೇ ದಿನಗಳಲ್ಲಿ ಸಿಂದಗಿಗೆ ಟೂರಿಂಗ್ ಟಾಕೀಸು ಬಂತು. ಬಯಲಲ್ಲಿ ತಂಬು ಹೊಡೆದು ಹಳೆಯ ಹಿಂದಿ ಚಿತ್ರಗಳನ್ನು ತೋರಿಸುತ್ತಿದ್ದರು. ಒಂದು ದಿನ ಗೋಡೆಗೆ ಹಚ್ಚಿದ ಹಾಳೆ ನೋಡಿ ಸಾಹೇಬರು ನಿಂತುಬಿಟ್ಟರು. "ಇದರಾಗ ನಾ ಅದೇನಿ" ಅಂದರು. ಸುದ್ದಿ ಚಹಾದಂಗಡಿಗೆ ಮುಟ್ಟಿತು. ಸಂಜೆಯ ಆಟಕ್ಕೆ ಊರಿಗೆ ಊರೇ ಬಂದು ಕೂತಿತು. ಜನ್ಮದಲ್ಲಿ ಸಿನೆಮಾ ನೋಡದ ಹಾಜರಾಬಿಯೂ ನಮ್ಮಿಬ್ಬರ ನಡುವೆ ಸೆರಗು ಬಿಗಿದುಕೊಂಡು ಕೂತಳು.

ಕತೆ ಹೀಗಿತ್ತು. ಎಳೆಯ ರಾಜಕುಮಾರನನ್ನು ಕೊಂದನೆಂದು ಮಂತ್ರಿಯ ಮೇಲೆ ಸುಳ್ಳು ಆರೋಪ. ನಿಜಕ್ಕೂ ಮಂತ್ರಿ ಆ ಕೂಸನ್ನು ಹೊಳೆ ದಾಟಿಸಿ ಕಾಪಾಡಿರುತ್ತಾನೆ. ಅದನ್ನು ಕಂಡವನು ಮಂತ್ರಿಯ ಮೂಗ ಆಳು ಒಬ್ಬನೇ. ಅವನು ದರ್ಬಾರಿಗೆ ಓಡಿಬಂದು ಕೈಸನ್ನೆಯಿಂದ ಹೇಳಲು ಒದ್ದಾಡುತ್ತಾನೆ. ಪರದೆಯ ಮೇಲೆ ಆ ಕಪ್ಪು ಹುಬ್ಬುಗಳು ಕಂಡಾಗ ಹಾಜರಾಬಿ ನನ್ನ ಕೈ ಹಿಡಿದಳು. ಎಷ್ಟು ಚೆಲುವರಿದ್ದರು ದಸ್ತಗೀರಸಾಬರು! ಆಳು ಹೊಳೆ ತೋರಿಸುತ್ತಾನೆ, ಕೂಸನ್ನು ತೋರಿಸುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ. ದರ್ಬಾರು ನಗುತ್ತದೆ. ಕಾವಲಿನವರು ಅವನನ್ನು ಎಳೆದೊಯ್ಯುತ್ತಾರೆ. ಅಷ್ಟೇ. ಮುಂದೆ ಅವನು ಬರುವುದೇ ಇಲ್ಲ.

"ಯಾಕ ಮಾತಾಡಲಿಲ್ಲಣ್ಣಾ ನೀ?" ಎಂದಳು ಹಾಜರಾಬಿ.

"ಮೂಗ ಅದೇನಿ ತಂಗೀ, ಅದರಾಗ."

"ಆದ್ರೂ ಒಂದ ಮಾತರೆ ಆಡಬೇಕಿತ್ತು" ಎಂದು ಆಕೆ ಕಣ್ಣೊರೆಸಿಕೊಂಡಳು.

ಹೊರಗೆ ಬಂದಾಗ ಮಲ್ಲಪ್ಪ ಎದುರಾದ. ಅವನದು ದುಷ್ಟತನವಲ್ಲ, ಹಾಸ್ಯ ಮಾಡದೆ ಇರಲಾರದ ಬಾಯಿ. "ಸಾಹೇಬ್ರ, ಪಿಚ್ಚರದಾಗ ಇದ್ರಿ ಖರೆ. ಆದ್ರ ಅಷ್ಟ ವರ್ಷ ಮುಂಬೈಯಾಗ ಇದ್ದು ಬಾಯೇ ತಗೀಲಿಲ್ಲಲ್ರೀ!" ಅಂದ. ಸುತ್ತಲಿದ್ದವರು ನಕ್ಕರು. ಸಾಹೇಬರೂ ನಗಲು ನೋಡಿದರು. ಆಗಲಿಲ್ಲ. ಮರುದಿನದಿಂದ ಬೆತ್ತದ ಕುರ್ಚಿ ಕಟ್ಟೆಯ ಮೇಲೆ ಕಾಣಲಿಲ್ಲ. ಇಷ್ಟು ವರ್ಷ ಯಾರೂ ನಂಬದಿದ್ದಾಗ ತಡೆದುಕೊಂಡಿದ್ದ ಮನುಷ್ಯ, ಎಲ್ಲರೂ ಕಣ್ಣಾರೆ ಕಂಡಮೇಲೆ ಕೋಣೆ ಸೇರಿಬಿಟ್ಟರು. ಹಾಜರಾಬಿ ತಟ್ಟೆ ಒಯ್ದಿಟ್ಟು ಹಾಗೇ ತಿರುಗಿ ತರುತ್ತಿದ್ದಳು.

ನಾನು ನೇರ ಹೆಡ್‌ಮಾಸ್ತರರ ಹತ್ತಿರ ಹೋದೆ. ಗ್ಯಾದರಿಂಗಿಗೆ ದಸ್ತಗೀರಸಾಬರನ್ನು ಅತಿಥಿಯಾಗಿ ಕರೆಯೋಣ ಅಂದೆ.

"ಅವರೇನು ಮಾತಾಡ್ತಾರ್ರಿ? ಮೂಗನ ಪಾರ್ಟು ಮಾಡಿದೋರು" ಅಂದರು.

ನನಗೆ ಎಲ್ಲಿಂದ ಬಂತೋ ಕಾಣೆ. "ಸರ್, ನಾ ಈಗ ನಿಮ್ಮ ಮುಂದ ನಿಂತು ಮಾತಾಡಾಕತ್ತೇನಲ್ರಿ, ಇದು ಅವರದ ಮಾತರಿ. ನನಗ ಮಾತು ಕೊಟ್ಟೋರು ಅವರು. ಅವರನ್ನ ಕರೀದ ಯಾರನ್ನ ಕರೀಬೇಕು?" ಅಂದೆ. ಪಕ್ಕದ ಎಂಟನೆಯ ಇಯತ್ತೆಯ ಗದ್ದಲ ಒಮ್ಮೆಲೇ ನಿಂತಿತು. ಗೋಡೆಯಾಚೆಯ ಗಣಿತದ ಮಾಸ್ತರರು ಬಾಗಿಲಿಗೆ ಬಂದು ಏನಾಯಿತೆಂದು ಇಣುಕಿ ಹೋದರು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಕರೀರಿ. ಇನ್ನ ಸ್ವಲ್ಪ ಸಾವಕಾಶ ಮಾತಾಡ್ರಿ" ಅಂದರು.

ಸಾಹೇಬರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ನನ್ನ ಕಡೆ ಏನೈತಿ ಹೇಳಾಕ, ಅಕ್ಕೋರ?"

"ಆ ದರ್ಬಾರದಾಗ ಮೂಗ ಏನ್ ಹೇಳಾಕ ಒದ್ದಾಡಿದ್ನಲ್ರಿ ಕಾಕಾ, ಅದನ್ನ ಹೇಳ್ರಿ."

ಅವರು ಎದ್ದು ಕೂತು, "ಯಾವ ಭಾಷೆದಾಗ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. "ಸಿಂದ್ಗ್ಯಾಗ ಯಾವ ಭಾಷೆ ಮಾತಾಡ್ತಾರ್ರಿ?" ಅಂದೆ.

ಗ್ಯಾದರಿಂಗಿನ ದಿನ ಶಾಲೆಯ ಬಯಲಲ್ಲಿ ಹುಡುಗರು, ತಾಯಿತಂದೆಗಳು, ಬಜಾರದವರು ಎಲ್ಲ ಸೇರಿದ್ದರು. ನನ್ನ ಅಪ್ಪನೂ ಮುದ್ದೇಬಿಹಾಳದಿಂದ ಬಂದು ಮೂಲೆಯಲ್ಲಿ ಕೂತಿದ್ದ. ಒಂದು ವರ ಬಂದಿತ್ತು, ಸಮಾರಂಭ ಮುಗಿದರೆ ನನ್ನನ್ನು ಕರೆದುಕೊಂಡೇ ಹೋಗುವ ವಿಚಾರ ಅವನದು. ನಾನು ಸಾಹೇಬರ ಪರಿಚಯ ಮಾಡಿಕೊಟ್ಟೆ. ಅವರು ಹಳೆಯ ಕರಿ ಕೋಟು ತೊಟ್ಟು ಎದ್ದರು. ಮೈಕಿನ ಕಡೆ ನೋಡಿದರು, ಅದನ್ನು ನಿಧಾನವಾಗಿ ಬದಿಗೆ ಸರಿಸಿದರು. ಕತೆಯನ್ನು ಚಿಕ್ಕದಾಗಿ ಹೇಳಿದರು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, ಕೈ ಜೋಡಿಸಿ, ಎದುರಿಗೆ ದರ್ಬಾರು ಇದ್ದಂತೆ ಮಾತಾಡಿದರು.

"ಮಹಾರಾಜರ, ಕೂಸು ಸತ್ತಿಲ್ರಿ. ನಮ್ಮ ಧಣ್ಯಾರು ಅದನ್ನ ಎದಿಗೆ ಕಟಗೊಂಡು ಹೊಳಿ ದಾಟಿದ್ರು. ನೀರು ಕುತಿಗಿ ಮಟಾ ಇತ್ತರಿ. ನಾ ದಂಡ್ಯಾಗ ನಿಂತು ನೋಡೇನಿ. ದೇವರು ನನ್ನ ಬಾಯಿ ಕಟ್ಯಾನ, ಕಣ್ಣ ಕಟ್ಟಿಲ್ರಿ. ನಾ ಕೈ ಮಾಡಿ ಹೇಳಾಕ ಬಂದೇನಿ, ನೀವು ನಕ್ರಿ. ನಗ್ರಿ, ನನಗ ಸಿಟ್ಟಿಲ್ಲ. ನಕ್ಕ ಮ್ಯಾಲರೆ ಒಂದ ಸಲ ವಿಚಾರ ಮಾಡ್ರಿ, ಈ ಮನಷ್ಯಾ ಇಷ್ಟ ದೂರಿಂದ ಓಡಿ ಬಂದಾನ, ಏನೋ ಹೇಳುದು ಇರಬೇಕು ಅಂತ."

ಇನ್ನೂ ಬಹಳ ಹೇಳಿದರು. ಎಲ್ಲ ನೆನಪಿಲ್ಲ. ಆ ದನಿ ಬಯಲಿನ ಬೇವಿನ ಗಿಡದ ಕೆಳಗೆ ನಿಂತವರ ತನಕ ಏರಿಳಿಯದೆ ಹೋಗಿ ಮುಟ್ಟುತ್ತಿತ್ತು. ಮಾತು ಮಾತಿಗೂ ನಮ್ಮ 'ರಿ' ಇತ್ತು. ಈಗ ಯಾರಿಗೂ ನಗು ಬರಲಿಲ್ಲ. ಚಿತ್ರೀಕರಣದ ದಿನ ಕೈಸನ್ನೆ ಮಾಡುವಾಗ ಮನಸ್ಸಿನೊಳಗೆ ಇದೇ ಮಾತುಗಳನ್ನು ಕನ್ನಡದಲ್ಲಿ ಹೇಳಿಕೊಂಡಿದ್ದರಂತೆ. ಮುಗಿಸಿ ಕೈ ಮುಗಿದಾಗ ಚಪ್ಪಾಳೆ ಬಿತ್ತು. ಎಷ್ಟು ಹೊತ್ತು ಬಿತ್ತೋ. ಹಾಜರಾಬಿ ಹೆಂಗಸರ ನಡುವೆ ಎದ್ದು ನಿಂತು, "ನಮ್ಮಣ್ಣಾರಿ ಅಂವ!" ಎಂದು ಗೊತ್ತಿದ್ದವರಿಗೂ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಮಲ್ಲಪ್ಪ ತಾನೇ ಚಹಾದ ಕೆಟಲಿ ಹಿಡಿದು ಮನೆಗೆ ಬಂದ. ಕಟ್ಟೆಯ ಕೆಳಗೆ ನಿಂತು ಬಹಳ ಹೊತ್ತು ತಡಬಡಿಸಿ ಕೇಳಿದ: "ಸಾಹೇಬ್ರ, ಕಡೀಕ ಆ ಕೂಸು ಏನಾತರಿ? ಪಿಚ್ಚರ್ ನೋಡೂ ಮುಂದ ನಾ ಮನಸ್ಸಗೊಟ್ಟು ನೋಡಲಿಲ್ಲ." ಸಾಹೇಬರು ಕುರ್ಚಿ ಹೊರಗೆ ತರಿಸಿದರು. ಕತೆ ಹೇಳಿ ಮುಗಿಸುವಷ್ಟರಲ್ಲಿ ಅಂಗಡಿಯ ಗಿರಾಕಿಗಳೆಲ್ಲ ನಮ್ಮ ಅಂಗಳದಲ್ಲೇ ಇದ್ದರು.

ಅಪ್ಪ ಒಬ್ಬನೇ ಮುದ್ದೇಬಿಹಾಳಕ್ಕೆ ಹೋದ. ಬಸ್ಸು ಹತ್ತುವಾಗ, "ನಿನ್ನ ಮಾತು ನಾ ಕುಂತಲ್ಲಿಗೆ ಬಂತವ್ವಾ" ಅಂದ. ಅಜ್ಜಿಗೆ ಏನು ಹೇಳಿದನೋ ಗೊತ್ತಿಲ್ಲ, ವರನ ಸುದ್ದಿ ಮತ್ತೆ ಎರಡು ವರ್ಷ ಬರಲಿಲ್ಲ. ನೌಕರಿ ಪಕ್ಕಾ ಆಯಿತು. ಮುಂದೆ ನಾನು ಇಂಡಿಗೆ ವರ್ಗವಾದೆ, ಅಲ್ಲೇ ಮದುವೆಯಾಯಿತು. ದಸ್ತಗೀರಸಾಬರನ್ನು ಸುತ್ತಲಿನ ಊರುಗಳವರು ನಾಟಕ ಕಲಿಸಲು ಕರೆಯತೊಡಗಿದ್ದರು. ಇಂಡಿಯ ಹತ್ತಿರದ ಝಳಕಿಗೆ ಬಂದಾಗಲೆಲ್ಲ ನಮ್ಮ ಮನೆಗೂ ಬಂದು ಊಟ ಮಾಡಿ, ನನ್ನ ಗಂಡನಿಗೆ ಕಾಗೆ ಓಡಿಸುವವನ ಕತೆ ಹೇಳಿ ಹೋಗುತ್ತಿದ್ದರು. ಆ ದಶಕ ಮುಗಿಯುವುದರೊಳಗೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಸಿಂದಗಿಗೆ ಹೋದಾಗ ಹಾಜರಾಬಿ ಅತ್ತಳು. ಅಳುತ್ತಲೇ ನಕ್ಕಳು. "ಕಡೀ ಕಡೀಕ ಎಷ್ಟ ಮಾತಾಡ್ತಿದ್ದ ಯವ್ವಾ! ಸಾಕ ಮಾಡಪಾ, ಕಿವಿ ನೊಂದ್ವು ಅಂತಿದ್ದೆ. ಈಗ ಮನಿ ಅಂಬೂದು ಬಣಾ ಬಣಾ ಅನಸ್ತೈತಿ" ಅಂದಳು.

ಇಷ್ಟು ಬರೆದು ಪೆನ್ನು ಕೆಳಗಿಡುವಾಗ ಫೋನು ಬಂತು. ಇಲ್ಲಿನ ಸಕ್ಕರೆ ಕಾರ್ಖಾನೆಯ ಹತ್ತಿರದ ಶಾಲೆಯ ಹೊಸ ಶಿಕ್ಷಕಿ, ನನ್ನ ಹಳೆಯ ವಿದ್ಯಾರ್ಥಿನಿಯ ಮಗಳು. ಕಬ್ಬು ಕಡಿಯಲು ಬಂದವರ ಮಕ್ಕಳು ಅವಳ ಕ್ಲಾಸಿನಲ್ಲಿದ್ದಾರಂತೆ. ಬೇರೆ ಬೇರೆ ಸೀಮೆಯವರು, ಬಾಯೇ ಬಿಡುವುದಿಲ್ಲವಂತೆ. ಬಿಟ್ಟರೆ ಉಳಿದವರು ನಗುತ್ತಾರಂತೆ. ಒಮ್ಮೆ ಬಂದು ಪಾಠ ಮಾಡಬೇಕೆಂದು ಕೇಳಿದಳು. ಇಂಥ ಕರೆ ಬಂದಾಗ ಮೊಣಕಾಲು ನೋವಿನ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ನನಗೆ ಇತ್ತೀಚೆಗೆ ರೂಢಿಯಾಗಿದೆ. ಇವತ್ತು ಆ ಮಾತು ಬಾಯಿಗೆ ಬರಲಿಲ್ಲ.

"ನಾಳೆ ಬರ್ತೇನವ್ವಾ" ಅಂದೆ.

"ಭಾಳ ಉಪಕಾರಾತ್ರಿ ಅಮ್ಮಾ. ಏನ್ ಪಾಠಾ ತಗೋತೀರಿ? ಬೋರ್ಡು, ಚಾಕ್‌ಪೀಸ್ ಎಲ್ಲಾ ತಯಾರ ಇಡ್ತೇನಿ."

"ಏನೂ ಬ್ಯಾಡ" ಅಂದೆ. "ಒಂದು ಕುರ್ಚಿ ಇಡು. ಆ ಮಕ್ಕಳು ಏನ್ ಹೇಳ್ತಾವೋ, ಹ್ಯಾಂಗ ಹೇಳ್ತಾವೋ ಹೇಳಲಿ. ನಾ ಕುಂತು ಕೇಳ್ತೇನಿ."